ಕಿವುಡ ಮಕ್ಕಳ ವಿದ್ಯಾಭ್ಯಾಸವೂ ಉಪಾಧ್ಯಾಯರ ಯೋಗ್ಯತೆಯೂ

ವಿದ್ಯೆಯು ಕಿವಿಯ ಮೂಲಕವಾಗಿಯೇ ಬರತಕ್ಕದ್ದೆಂಬುದು ನಮ್ಮ ದೇಶದ ಪುರಾತನ ನಂಬಿಕೆ. ಗುರುವು ನುಡಿದುದನ್ನು ಶಿಷ್ಯನು ಕೇಳಿ, ಮರಳಿ ನುಡಿದು, ಕಂಠಸ್ಥ ಮಾಡಿಕೊಳ್ಳುವುದೇ ಪಾಠಶಾಲೆಗಳ ಕ್ರಮವಾಗಿದ್ದಿತು. ಬಹುವಾಗಿ ಕಲಿತವನಿಗೆ ‘ಬಹುಶ್ರುತ’ನೆಂಬ ಹೆಸರು ಬಂದುದೂ ಇದರಿಂದಲೇ. ಹೀಗಿರುವಲ್ಲಿ, ಹುಟ್ಟಿದಂದಿನಿಂದ ಕಿವಿ ಕೇಳದ ಕೂಸಿಗೆ ವಿದ್ಯೆಯ ಬಾಗಿಲೇ ಮುಚ್ಚಿದೆಯೆಂದು ಜನರು ಎಣಿಸಿದುದು ಆಶ್ಚರ್ಯವಲ್ಲ. ಆದರೆ ಆ ಬಾಗಿಲು ಎಂದೂ ಮುಚ್ಚಿರಲಿಲ್ಲ. ಅದನ್ನು ತೆರೆಯಬಲ್ಲ ಉಪಾಧ್ಯಾಯರು ಇರಲಿಲ್ಲ. ಈ ಶಿಕ್ಷಣದ ಚರಿತ್ರೆಯೆಲ್ಲವೂ ಈ ಮಾತಿಗೆ ಸಾಕ್ಷಿಯಾಗಿರುವುದು.

ಇಂತಹ ಮಕ್ಕಳನ್ನು ಹಿಂದಿನವರು ‘ಮೂಗರು’ ಎಂದು ಕರೆಯುತ್ತಿದ್ದರು. ಇದು ಪರಾಮರ್ಶೆಯಿಲ್ಲದ ಮಾತು. ಕಿವುಡರಲ್ಲಿ ಬಹುಮಂದಿಯ ನಾಲಗೆ ಕಂಠಗಳಲ್ಲಿ ದೋಷವೇನೂ ಇರುವುದಿಲ್ಲ. ಕೇಳದ ನುಡಿಯನ್ನು ಅನುಕರಿಸಲಾರದೆ ಅವರು ಸುಮ್ಮನಿರುವರು. ಬುದ್ಧಿಯಲ್ಲಿಯೂ ಅವರು ಇತರರಿಗಿಂತ ಕಡಮೆಯವರಲ್ಲ. ಕೊರತೆಯು ಮಗುವಿನದೆಂದು ತಿಳಿದಷ್ಟು ಕಾಲವೂ ಕಲಿಸುವವರ ಕೊರತೆಯು ಯಾರ ಕಣ್ಣಿಗೂ ಬೀಳಲಿಲ್ಲ.

ಯೂರೋಪು ಖಂಡದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಈ ವಿಷಯವಾಗಿ ಎರಡು ಮಾರ್ಗಗಳು ಹುಟ್ಟಿದುವು. ಪ್ಯಾರಿಸ್ ಪಟ್ಟಣದಲ್ಲಿ ಅಬ್ಬೆ ದ ಲೆಪೆ ಎಂಬ ಪಾದ್ರಿಯು ಕಿವುಡರು ತಮ್ಮೊಳಗೆ ಬಳಸುತ್ತಿದ್ದ ಕೈಸನ್ನೆಗಳನ್ನು ತಾನೇ ಕಲಿತು, ಅವುಗಳ ಮೂಲಕವಾಗಿ ಬಡಮಕ್ಕಳಿಗೆ ಪಾಠ ಹೇಳಿದನು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ 1778ರಲ್ಲಿ ಶಾಲೆಯನ್ನು ತೆರೆದ ಸಾಮ್ಯುಯಲ್ ಹೈನಿಕೆಯು ಬಾಯಿಮಾತನ್ನೇ ಕಲಿಸಬೇಕೆಂದು ಹಟ ಹಿಡಿದನು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕೂಡಿದ ಉಪಾಧ್ಯಾಯರ ಮಹಾಸಭೆಯು ಸನ್ನೆಗಿಂತ ಮಾತೇ ಶ್ರೇಷ್ಠವೆಂದು ನಿರ್ಣಯಿಸಿತು. ಕಿವುಡರ ಹಣೆಬರಹವನ್ನು ಬರೆದ ಆ ಸಭೆಯಲ್ಲಿ ಕಿವುಡರು ಇಲ್ಲವೆಂಬಷ್ಟು ವಿರಳವಾಗಿದ್ದರು. ತರುವಾಯ ಅನೇಕ ದೇಶಗಳ ಶಾಲೆಗಳಲ್ಲಿ ಮಕ್ಕಳು ಕೈಯಾಡಿಸುವುದು ನಿಷಿದ್ಧವಾಯಿತು. ಕಿವುಡ ಉಪಾಧ್ಯಾಯರು ಕೆಲಸವನ್ನು ಕಳೆದುಕೊಂಡರು. 2010ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ನೆರೆದ ಇಂತಹುದೇ ಮಹಾಸಭೆಯು ಆ ನಿರ್ಣಯವನ್ನು ತಳ್ಳಿಹಾಕಿ, ಅದರಿಂದಾದ ಹಾನಿಗಾಗಿ ವಿಷಾದವನ್ನು ಸೂಚಿಸಿತು. ನಡುವೆ ಕಳೆದುಹೋದುದು 130 ವರ್ಷಗಳು.

ಭರತಖಂಡದಲ್ಲಿ 1893ರಲ್ಲಿ ಕಲ್ಕತ್ತೆಯ ಕಿವುಡರ ಶಾಲೆಯು ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಜಾಮಿನೀನಾಥ ಬ್ಯಾನರ್ಜಿಯವರು ಕರುಣೆಯೊಂದೇ ಸಾಲದೆಂಬುದನ್ನು ಬೇಗನೆ ಕಂಡುಕೊಂಡು, ಕಡಲು ದಾಟಿ ಇಂಗ್ಲೆಂಡ್ ಅಮೆರಿಕಾಗಳಲ್ಲಿ ಈ ವಿದ್ಯೆಯನ್ನು ಅಭ್ಯಾಸಮಾಡಿ ಬಂದರು. ನಮ್ಮ ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡರಿಗೂ ಅಂಧರಿಗೂ ಶಾಲೆಯನ್ನು ತೆರೆದರು. ಅಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಹುಟ್ಟಿರಲಿಲ್ಲ. ಅವು ಹಳ್ಳಿಗಳ ನೆಲವಾಗಿದ್ದುವು. ಕೆಂಗೇರಿಯ ಮೇಲೆ ಹಾದು ಹೋಗುವ ರೈಲುದಾರಿಯೇ ಬೆಂಗಳೂರಿನ ಪಡುವಣ ಸೀಮೆಯನ್ನು ಆ ಮೈಸೂರಿನೊಡನೆ ಕೂಡಿಸುತ್ತಿದ್ದಿತು.

ಆದರೆ ಉಪಾಧ್ಯಾಯರನ್ನು ಸಿದ್ಧಪಡಿಸುವ ಕಾರ್ಯವು ಬಹುಕಾಲ ಹಿಂದುಳಿಯಿತು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಸ್ಥಾಪಿತವಾಗಿ, ಕಿವಿಯ ಪರೀಕ್ಷೆ, ಮಾತಿನ ಚಿಕಿತ್ಸೆ, ವಿಶೇಷ ಶಿಕ್ಷಣ ಇವುಗಳಿಗೆ ಶಾಸ್ತ್ರೀಯವಾದ ತಳಹದಿ ದೊರೆಯಿತು. ಸುತ್ತೂರು ಶ್ರೀಮಠದ ಆಶ್ರಯದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1986ರಲ್ಲಿ ಮೈಸೂರಿನಲ್ಲಿಯೇ ವಾಕ್ ಶ್ರವಣ ಸಂಸ್ಥೆಯೊಂದನ್ನು ಆರಂಭಿಸಿದುದು ಶಿವಭಕ್ತರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ. 1992ರ ಶಾಸನದಿಂದ ಭಾರತೀಯ ಪುನರ್ವಸತಿ ಪರಿಷತ್ತಿಗೆ ಅಧಿಕಾರ ಬಂದು, ವಿಶೇಷ ಶಿಕ್ಷಕರು ಅಲ್ಲಿ ಹೆಸರನ್ನು ನೋಂದಾಯಿಸತಕ್ಕದ್ದೆಂಬ ನಿಯಮವಾಯಿತು.

ಹಾಗಾದರೆ ಇಂತಹ ಉಪಾಧ್ಯಾಯನು ಅರಿತಿರಬೇಕಾದುದೇನು? ಮೊದಲನೆಯದು, ವರ್ಣಗಳ ಸ್ವರೂಪ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯವೆಂದು ಹಿಂದಿನ ವೈಯಾಕರಣರು ಮಾಡಿದ ವಿಭಾಗವು ಇಲ್ಲಿ ಪ್ರತ್ಯಕ್ಷವಾಗಿ ಉಪಯೋಗಕ್ಕೆ ಬರುವುದು. ಕಂಠ್ಯವರ್ಣಗಳು ಹುಟ್ಟುವ ಸ್ಥಾನವು ನೋಡುವವನಿಗೆ ಕಾಣುವುದಿಲ್ಲ. ಓಷ್ಠ್ಯಗಳು ಕಂಡರೂ ಒಂದರಂತೆ ಒಂದು ತೋರುವುವು. ‘ಪಡಿ’, ‘ಬಡಿ’, ‘ಮಡಿ’ ಎಂಬ ಮೂರೂ ತುಟಿಯನ್ನು ನೋಡುವ ಮಗುವಿಗೆ ಒಂದೇ ಮಾತು. ಆದುದರಿಂದ ತುಟಿಯೋದನ್ನೇ ನಂಬಿ ಪಾಠ ಹೇಳುವವನು ಅರ್ಧ ಪಾಠವನ್ನು ಊಹೆಗೆ ಬಿಟ್ಟಂತೆ.

ಎರಡನೆಯದು, ಸನ್ನೆಯ ಭಾಷೆ. ಇದು ಮನಬಂದಂತೆ ಕೈಯಾಡಿಸುವುದಲ್ಲ. ತನ್ನದೇ ವ್ಯಾಕರಣವುಳ್ಳ ಭಾಷೆ. ಇದರ ಸಂಶೋಧನೆ ಶಿಕ್ಷಣಗಳಿಗಾಗಿಯೇ 2015ರಲ್ಲಿ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪಿತವಾಗಿರುವುದು. ಎಳವೆಯಲ್ಲಿ ಯಾವುದಾದರೊಂದು ಭಾಷೆಯು ಪೂರ್ಣವಾಗಿ ನೆಲೆಗೊಳ್ಳದಿದ್ದರೆ ಮುಂದಿನ ವಿದ್ಯೆಯೆಲ್ಲವೂ ತಳವಿಲ್ಲದ ಗೋಡೆಯಾಗುವುದು. ಆ ವರ್ಷಗಳು ಕಳೆದರೆ ಮರಳಿ ಬಾರವು. ಆದಕಾರಣ ತಾಯಿತಂದೆಗಳಿಗೂ ಕಲಿಸುವುದು ಉಪಾಧ್ಯಾಯನ ಧರ್ಮವೇ ಆಗಿದೆ.

ಮೂರನೆಯದು, ಬರೆಹದ ಕನ್ನಡ. ‘ರಾಮನು ಭೀಮನನ್ನು ಕರೆದನು’, ‘ರಾಮನನ್ನು ಭೀಮನು ಕರೆದನು’ ಎಂಬೆರಡರಲ್ಲಿ ಅರ್ಥವನ್ನು ತಿರುಗಿಸುವುದು ವಿಭಕ್ತಿಯೊಂದೇ. ಕೇಳುವ ಮಗುವು ಇದನ್ನು ತೊಟ್ಟಿಲಲ್ಲಿಯೇ ಗ್ರಹಿಸುವುದು. ಕೇಳದ ಮಗುವಿಗೆ ಪ್ರತ್ಯಯಗಳನ್ನು ಚಿತ್ರ, ಅಭಿನಯ, ಬರೆಹಗಳಿಂದ ಒಂದೊಂದಾಗಿ ಕಾಣಿಸಬೇಕು.

ಇನ್ನುಳಿದುವು ಸಣ್ಣವೆಂದು ತೋರಿದರೂ ಅಲಕ್ಷ್ಯ ಮಾಡತಕ್ಕವಲ್ಲ. ಬೆಳಕು ಉಪಾಧ್ಯಾಯನ ಮುಖದ ಮೇಲೆ ಬೀಳಬೇಕು. ಹಲಗೆಯ ಕಡೆ ತಿರುಗಿ ಮಾತನಾಡಕೂಡದು. ಒಬ್ಬರು ಮಾತನಾಡುವಾಗ ಮತ್ತೊಬ್ಬರು ತಡೆಯಬೇಕು. ಶ್ರವಣಯಂತ್ರವುಳ್ಳ ಮಗುವಿನ ಯಂತ್ರವು ನಡೆಯುತ್ತಿದೆಯೇ ಎಂದು ಪ್ರತಿದಿನವೂ ಪರೀಕ್ಷಿಸಬೇಕು. ‘ಅರ್ಥವಾಯಿತೇ’ ಎಂದು ಕೇಳಿ, ಮಗು ತಲೆಯಾಡಿಸಿತೆಂದು ಮುಂದೆ ಸಾಗದೆ, ಅದರಿಂದಲೇ ಹೇಳಿಸಿ ನೋಡಬೇಕು.

2016ರ ಅಂಗವಿಕಲರ ಹಕ್ಕುಗಳ ಶಾಸನವು ಸನ್ನೆಭಾಷೆ ಬಲ್ಲ ಉಪಾಧ್ಯಾಯರನ್ನು, ಅವರಲ್ಲಿ ಅಂಗವಿಕಲರನ್ನೂ ಸೇರಿಸಿ, ಸಿದ್ಧಪಡಿಸಿ ನೇಮಿಸಬೇಕೆಂದು ವಿಧಿಸಿದೆ. ಇಂತಹ ಮಗುವು ಈಗ ಯಾವ ಸಾಮಾನ್ಯ ಶಾಲೆಗಾದರೂ ಬರಬಹುದು. ಪಡುವಣ ಬೆಂಗಳೂರಿನ ಬಡಾವಣೆಗಳ ಶಾಲೆಗಳಿಗೂ ಬರಬಹುದು. ಅನ್ನವನ್ನೂ ಆಶ್ರಯವನ್ನೂ ನೀಡುವುದರಲ್ಲಿ ಮಠಗಳೂ ಭಕ್ತರೂ ಎಂದೂ ಹಿಂಜರಿದವರಲ್ಲ. ಅದರೊಡನೆ ಒಬ್ಬೊಬ್ಬ ಉಪಾಧ್ಯಾಯನನ್ನಾದರೂ ಈ ಅಭ್ಯಾಸಕ್ಕೆ ಕಳುಹಿಸಿದರೆ ಆ ದಾಸೋಹವು ಪೂರ್ಣವಾಗುವುದು. ಕಿವಿಯಿಲ್ಲದ ಮಗುವು ಕಣ್ಣಿನಿಂದ ಕೇಳಬಲ್ಲುದು. ಕೈಯಿಂದ ನುಡಿಯಬಲ್ಲ ಗುರುವು ಅದಕ್ಕೆ ದೊರೆಯಬೇಕು.