ದೊಡ್ಡರೋಗದ ವೈರಸ್ಸಿನ ಬೆನ್ನು ಹಿಡಿದು: ಎಂ.ಎಸ್. ಶೈಲಾ ಅವರ ಸಂಶೋಧನೆ

ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಮತ್ತು ಆಡು-ಕುರಿಗಳ ಪಿಪಿಆರ್ ರೋಗ ಇವೆರಡರ ವೈರಸ್ಸುಗಳನ್ನು ಅಣುಮಟ್ಟದಲ್ಲಿ ಅಭ್ಯಾಸ ಮಾಡಿದ ಭಾರತೀಯ ವಿಜ್ಞಾನಿಗಳಲ್ಲಿ ಮೇಲುಕೋಟೆ ಸುಬ್ಬರಾವ್ ಶೈಲಾ ಪ್ರಮುಖರು. ಅವರ ಕೆಲಸ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಎರಡೂ ವೈರಸ್ಸುಗಳು ಮನುಷ್ಯರ ದಡಾರದ ವೈರಸ್ಸಿನ ಹತ್ತಿರದ ಬಂಧುಗಳು.

ದೊಡ್ಡರೋಗ ತಗುಲಿದ ದನಕ್ಕೆ ಮೊದಲು ಜ್ವರ, ಆಮೇಲೆ ಬಾಯಿಹುಣ್ಣು, ಕಣ್ಣು-ಮೂಗಿನಲ್ಲಿ ಸುರಿತ, ಕೊನೆಗೆ ನಿಲ್ಲದ ಭೇದಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಮಳೆಯಾಶ್ರಿತ ಸೀಮೆಯಲ್ಲಿ ಖಿಲಾರಿ ಎತ್ತಿನ ಜೋಡಿಯೊಂದು ಸತ್ತರೆ ಆ ವರ್ಷದ ಬಿತ್ತನೆಯೇ ತಪ್ಪಿದಂತೆ. ಮುಕ್ತೇಶ್ವರದ ಪಶುರೋಗ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ಈ ವೈರಸ್ಸನ್ನು ಆಡುಗಳಲ್ಲಿ ಬೆಳೆಸಿ ಬೆಳೆಸಿ ಸೌಮ್ಯಗೊಳಿಸಿ ಲಸಿಕೆಯಾಗಿಸಿದರು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಕೋಶಕೃಷಿಯಲ್ಲಿ ತಯಾರಿಸಿದ ಲಸಿಕೆ ಇನ್ನೂ ಮೇಲು: ಒಂದೇ ಚುಚ್ಚುಮದ್ದಿಗೆ ದನದ ಬದುಕಿನುದ್ದಕ್ಕೂ ರಕ್ಷಣೆ. ಅದಕ್ಕಿದ್ದ ತೊಡಕು ಎರಡು. ಅದನ್ನು ತಂಪಿನಲ್ಲೇ ಸಾಗಿಸಬೇಕು. ಲಸಿಕೆ ಹಾಕಿಸಿಕೊಂಡ ದನದ ರಕ್ತಕ್ಕೂ ರೋಗ ಬಂದು ಉಳಿದ ದನದ ರಕ್ತಕ್ಕೂ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದು.

ಈ ಎರಡು ತೊಡಕುಗಳನ್ನೂ ದಾಟಲು ಶೈಲಾ ಮತ್ತು ಸಂಗಡಿಗರು ಇಡೀ ವೈರಸ್ಸನ್ನು ಬಿಟ್ಟು ಅದರ ಒಂದು ಪ್ರೋಟೀನನ್ನು ಹಿಡಿದರು. ವೈರಸ್ಸು ಕೋಶಕ್ಕೆ ಅಂಟಿಕೊಳ್ಳುವುದು ಮೇಲ್ಮೈಯಲ್ಲಿರುವ ಹೀಮಗ್ಲುಟಿನಿನ್, ಅಂದರೆ ಎಚ್ ಪ್ರೋಟೀನಿನಿಂದ. ಅದನ್ನು ತಡೆಯುವ ಪ್ರತಿಕಾಯಗಳಿದ್ದರೆ ಸೋಂಕು ನಿಲ್ಲುತ್ತದೆ. ಕೀಟಗಳ ಬ್ಯಾಕುಲೋವೈರಸ್ಸಿನಲ್ಲಿ ಎಚ್ ಪ್ರೋಟೀನಿನ ವಂಶವಾಹಿಯನ್ನು ಸೇರಿಸಿ ತಯಾರಿಸಿದ ಪ್ರೋಟೀನಿಗೆ ರಕ್ಷಣೆ ಕೊಡುವ ಗುಣವಿದೆ ಎಂದು 1997ರಲ್ಲಿ ಪ್ರಕಟಿಸಿದರು.

ಮುಂದಿನ ಹೆಜ್ಜೆ ಹೊಲದ ಬೆಳೆಗೇ ಕೈಹಾಕಿತು. ಸಹೋದ್ಯೋಗಿ ಜಿ. ಲಕ್ಷ್ಮೀ ಸೀತಾ ಅವರ ಜತೆಗೂಡಿ ಎಚ್ ವಂಶವಾಹಿಯನ್ನು ಶೇಂಗಾ ಮತ್ತು ತೊಗರಿ ಗಿಡಗಳಿಗೆ ಸೇರಿಸಲಾಯಿತು. ಶೇಂಗಾ ಎಲೆ ತಿಂದ ದನಗಳ ರಕ್ತದಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಕಂಡವು. ಚುಚ್ಚುಮದ್ದಿಲ್ಲ, ಮಂಜುಗಡ್ಡೆ ಪೆಟ್ಟಿಗೆಯಿಲ್ಲ, ಮೇವೇ ಲಸಿಕೆ. ತೊಗರಿಯೇ ಮುಖ್ಯ ಬೆಳೆಯಾದ ವಿಜಯಪುರ ಜಿಲ್ಲೆಯಂಥ ಕಡೆಗೆ ಇದಕ್ಕಿಂತ ಒಗ್ಗುವ ಉಪಾಯ ಮತ್ತೊಂದಿರಲಾರದು. ಆದರೆ ಈ ವರದಿಗಳು ಬಂದದ್ದು 2003ರಲ್ಲಿ. ಭಾರತದಲ್ಲಿ ರೋಗದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2006ರಲ್ಲಿ ದೇಶವೂ 2011ರಲ್ಲಿ ಜಗತ್ತೂ ಸೋಂಕುಮುಕ್ತವೆಂದು ಘೋಷಣೆಯಾದವು. ಹಳೆಯ ಲಸಿಕೆ, ಹಳ್ಳಿ ಹಳ್ಳಿ ತಿರುಗಿದ ಪಶುವೈದ್ಯರು ಕೆಲಸ ಮುಗಿಸಿಬಿಟ್ಟಿದ್ದರು. ಹಾಗೆಂದು ಪ್ರಯೋಗ ವ್ಯರ್ಥವಾಗಲಿಲ್ಲ. ಬಾಯಿಯ ಮೂಲಕ ಕೊಟ್ಟ ಪ್ರೋಟೀನು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ದಾಟಿಯೂ ಪರಿಣಾಮ ಬೀರುತ್ತದೆಂಬುದು ಕಂಡುಬಂತು.

ಒಮ್ಮೆ ಕೊಟ್ಟ ಲಸಿಕೆ ಬದುಕಿನುದ್ದಕ್ಕೂ ಹೇಗೆ ಕಾಯುತ್ತದೆ? ಸಹೋದ್ಯೋಗಿ ರವೀಂದ್ರನಾಥ್ ನಾಯಕ್ ಅವರೊಂದಿಗೆ ಶೈಲಾ ಮಾಡಿದ ಕೆಲಸದ ಅತ್ಯಂತ ಸಾಹಸದ ಭಾಗ ಈ ಪ್ರಶ್ನೆಯಿಂದ ಹುಟ್ಟಿತು. ಪ್ರತಿಕಾಯಗಳು ಒಂದನ್ನೊಂದು ಗುರುತಿಸುವ ಜಾಲವಿದೆಯೆಂದು ಪ್ರತಿರಕ್ಷಾ ವಿಜ್ಞಾನಿ ನೀಲ್ಸ್ ಯೆರ್ನೆ 1974ರಲ್ಲಿ ಹೇಳಿದ್ದರು. 2001ರಲ್ಲಿ ಇವರು ಮಂಡಿಸಿದ ‘ರಿಲೇ’ ಊಹೆ ಅದರ ಮೇಲೆ ನಿಂತಿದೆ. ವೈರಸ್ಸಿನ ವಿರುದ್ಧ ಹುಟ್ಟಿದ ಪ್ರತಿಕಾಯಕ್ಕೇ ಎದುರಾಗಿ ಮತ್ತೊಂದು ಪ್ರತಿಕಾಯ ಹುಟ್ಟುತ್ತದೆ. ಈ ಎರಡನೆಯದರ ತುಣುಕು ವೈರಸ್ಸಿನ ತುಣುಕನ್ನೇ ಹೋಲುತ್ತದೆ. ಹೀಗಾಗಿ ವೈರಸ್ಸು ಇಲ್ಲದೆಯೂ ಈ ಪ್ರತಿಕಾಯಗಳನ್ನು ತಯಾರಿಸುವ ಎರಡು ಬಗೆಯ ಬಿ ಕೋಶಗಳು ಒಂದನ್ನೊಂದು ಕೆರಳಿಸುತ್ತ, ರಕ್ಷಣಾ ವ್ಯವಸ್ಥೆಯ ಟಿ ಕೋಶಗಳಿಗೂ ಆ ನೆನಪನ್ನು ದಾಟಿಸುತ್ತವೆ ಎಂಬುದು ವಾದ. ವೈರಸ್ಸನ್ನು ಗುರುತಿಸುವ ಟಿ ಕೋಶವೊಂದು ಆ ಹೋಲುವ ತುಣುಕನ್ನೂ ಗುರುತಿಸುತ್ತದೆಂದು ನಂತರ ಅವರ ಪ್ರಯೋಗಾಲಯ ತೋರಿಸಿತು. ಇದು ಎಲ್ಲರೂ ಒಪ್ಪಿದ ಸಿದ್ಧಾಂತವಲ್ಲ. ದೀರ್ಘಾಯುಷ್ಯದ ಸ್ಮೃತಿಕೋಶಗಳೇ ಸಾಕೆಂಬ ವಿವರಣೆಗೆ ಹೆಚ್ಚು ಬೆಂಬಲವಿದೆ.

ಇನ್ನು ಆಡು-ಕುರಿಗಳ ಪಿಪಿಆರ್. ಅದು ಭಾರತದಲ್ಲಿದೆಯೆಂದು ಗೊತ್ತಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಅದಕ್ಕೂ ಮೊದಲು ಕುರಿಗಳಲ್ಲಿ ಇಂಥ ಲಕ್ಷಣ ಕಂಡರೆ ದೊಡ್ಡರೋಗವೆಂದೇ ಬರೆಯಲಾಗುತ್ತಿತ್ತು. ಅರಸೂರಿನ ಪ್ರಕರಣವನ್ನು 1989ರಲ್ಲಿ ವರದಿ ಮಾಡಿದ ತಂಡದಲ್ಲಿ ಶೈಲಾ ಇದ್ದರು. 1996ರಲ್ಲಿ ವಿದೇಶಿ ಸಹೋದ್ಯೋಗಿಗಳೊಂದಿಗೆ ವಿವಿಧ ದೇಶಗಳ ಪಿಪಿಆರ್ ವೈರಸ್ಸುಗಳನ್ನು ವಂಶವಾಹಿಯ ಆಧಾರದಲ್ಲಿ ಹೋಲಿಸಿ, ಅವುಗಳಲ್ಲಿ ನಾಲ್ಕು ಕವಲುಗಳಿವೆಯೆಂದು ತೋರಿಸಿದರು, ಭಾರತದ್ದು ನಾಲ್ಕನೆಯದು. ಆಮೇಲೆ ವೈರಸ್ಸು ತನ್ನ ಆರ್‌ಎನ್‌ಎಯನ್ನು ನಕಲು ಮಾಡಿಕೊಳ್ಳುವ ಎಲ್ ಪ್ರೋಟೀನಿನ ಬಿಡಿಬಿಡಿ ಕೆಲಸಗಳನ್ನು ಗುರುತಿಸುವತ್ತ ಅವರ ಪ್ರಯೋಗಾಲಯ ಹೊರಳಿತು.

ದೊಡ್ಡರೋಗ ಹೋದರೂ ಪಿಪಿಆರ್ ಕುರಿ ಹಿಂಡುಗಳಲ್ಲಿ ಉಳಿದಿದೆ. ಅದಕ್ಕೆ ಇಂದು ಹಾಕುವ ಲಸಿಕೆ ಸೌಮ್ಯಗೊಳಿಸಿದ ಜೀವಂತ ವೈರಸ್ಸಿನದೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನಿರ್ಮೂಲನಕ್ಕೆ ಇಟ್ಟುಕೊಂಡ ಗುರಿ 2030.