ಬೇಡರ ಕಣ್ಣಪ್ಪನಿಂದ ಆದಿ ಶಂಕರನವರೆಗೆ: ಜಿ.ವಿ. ಅಯ್ಯರ್ ಅವರ ಕಲಾಜೀವನ

ಯಶವಂತಪುರವನ್ನು ದಾಟಿ ಪೀಣ್ಯದ ಕೈಗಾರಿಕಾ ಪ್ರದೇಶದತ್ತ ಸಾಗುವವರಿಗೆ ಗೊರಗುಂಟೆಪಾಳ್ಯದ ಸಮೀಪದಲ್ಲಿ ಶ್ರೀ ಕಂಠೀರವ ಸ್ಟುಡಿಯೋ ಇರುವುದು ತಿಳಿದೇ ಇದೆ. ನಮ್ಮ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ, ಇಂದು ಪೀಣ್ಯ, ದಾಸರಹಳ್ಳಿಗಳ ಯಂತ್ರಾಗಾರಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ದಿನವೂ ಆ ಹಾದಿಯನ್ನು ತುಳಿಯುವವರೇ. 2006ರಲ್ಲಿ ಡಾ. ರಾಜಕುಮಾರ್ ಅವರ ಪಾರ್ಥಿವ ಶರೀರವನ್ನು ಅಲ್ಲಿ ಸಮಾಧಿ ಮಾಡಿದ ಮೇಲಂತೂ ಅದು ಯಾತ್ರಾಸ್ಥಳವೇ ಆಗಿದೆ. ಸರ್ಕಾರದ ಆಶ್ರಯದಲ್ಲಿ ಈ ಸ್ಟುಡಿಯೋ ಸ್ಥಾಪನೆಯಾದದ್ದು 1966ರಲ್ಲಿ. ಅದಕ್ಕೆ ಆರು ವರ್ಷ ಮುಂಚೆ, 1960ರಲ್ಲಿ, ಅದೇ ಕಂಠೀರವ ನರಸರಾಜ ಒಡೆಯರ ಹೆಸರಿನಲ್ಲಿ ಒಂದು ಚಲನಚಿತ್ರ ಹೊರಬಂದಿತ್ತು. ಅದನ್ನು ನಿರ್ಮಿಸಿದವರು ಧನಿಕರಲ್ಲ. ಕೈಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ನಾಲ್ವರು ನಟರು. ಆ ನಾಲ್ವರಲ್ಲಿ ಒಬ್ಬರು ಗಣಪತಿ ವೆಂಕಟರಮಣ ಅಯ್ಯರ್. ನಟರಾಗಿ ಅಷ್ಟೇನೂ ಮೇಲಕ್ಕೆ ಏರದ ಈ ವ್ಯಕ್ತಿ ಲೇಖನಿ ಹಿಡಿದು, ಅನಂತರ ನಿರ್ದೇಶಕರಾಗಿ, ಕನ್ನಡ ಚಿತ್ರರಂಗದ ಚರಿತ್ರೆಯಲ್ಲಿ ನಿಂತ ಬಗೆ ಹೇಗೆಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

ಶ್ರೀ ಅಯ್ಯರವರು ಜನಿಸಿದ್ದು 1917ನೆಯ ಇಸವಿ ಸೆಪ್ಟೆಂಬರ್ 3ರಂದು, ನಂಜನಗೂಡಿನಲ್ಲಿ. ಕಪಿಲಾ ತೀರದ ಆ ಕ್ಷೇತ್ರವನ್ನು ನಮ್ಮ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಸುತ್ತೂರಿನ ಪೀಠ ಇರುವುದೂ ಅದೇ ತಾಲ್ಲೂಕಿನಲ್ಲಿ. ಶ್ರೀಕಂಠೇಶ್ವರನ ದೇವಾಲಯದಲ್ಲಿ ಅರುವತ್ತುಮೂವರು ಪುರಾತನರ ಮೂರ್ತಿಗಳು ಸಾಲಾಗಿ ನಿಂತಿವೆ. ಅವರಲ್ಲಿ ಕಣ್ಣಪ್ಪನೂ ಒಬ್ಬ. ಸ್ಮಾರ್ತ ಬ್ರಾಹ್ಮಣರ ಮನೆಯ ಒಬ್ಬ ಬಾಲಕ ಆ ಮೂರ್ತಿಗಳ ಮುಂದೆ ಸುಳಿದಾಡುತ್ತ ಬೆಳೆದು, ಮುಂದೆ ಅದೇ ಬೇಡನ ಕಥೆಯನ್ನು ನಾಟಕವಾಗಿ ಬರೆದನೆಂಬುದು ಯೋಚಿಸತಕ್ಕ ಸಂಗತಿ.

ಬಾಲಕ ಅಯ್ಯರವರಿಗೆ ಶಾಲೆಗಿಂತ ಹೆಚ್ಚಿನ ಪಾಠಶಾಲೆಯಾದದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ. ಎಂಟು ವರ್ಷದ ಹುಡುಗನಾಗಿದ್ದಾಗಲೇ ಅವರು ಆ ಕಂಪೆನಿಯನ್ನು ಸೇರಿದರು. ಈ ಕಂಪೆನಿಯ ಪೂರ್ಣ ಹೆಸರು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಗುಬ್ಬಿಯ ಆರಾಧ್ಯದೈವವಾದ ಚನ್ನಬಸವೇಶ್ವರನ ಹೆಸರನ್ನು ಹೊತ್ತು 1884ರಲ್ಲಿ ಹುಟ್ಟಿದ ಈ ಸಂಘವನ್ನು ವೀರಣ್ಣನವರು ಕನ್ನಡ ನಾಡಿನ ಅತಿ ದೊಡ್ಡ ನಾಟಕ ಸಂಸ್ಥೆಯನ್ನಾಗಿ ಬೆಳೆಸಿದರು. ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ 'ಕುರುಕ್ಷೇತ್ರ'ದ ವೈಭವವನ್ನು ಹಿರಿಯರು ಬಹುಕಾಲ ಬಣ್ಣಿಸುತ್ತಿದ್ದರು. ಆದರೆ ವೈಭವಕ್ಕಿಂತ ಮುಖ್ಯವಾದದ್ದು ಕಂಪೆನಿಯ ಒಳಗಿನ ಬದುಕು. ಒಂದು ಊರಿನಲ್ಲಿ ಮೊಕ್ಕಾಂ ಹೂಡಿದರೆ ನಟರು, ಸಂಗೀತಗಾರರು, ಪರದೆ ಬರೆಯುವವರು, ಅಡಿಗೆಯವರು, ಹುಡುಗರು ಎಲ್ಲರಿಗೂ ಒಂದೇ ಅಡಿಗೆಮನೆ, ಒಂದೇ ಪಂಕ್ತಿ. ಹಸಿದು ಬಂದ ಹುಡುಗನಿಗೆ ಮೊದಲು ಅನ್ನ, ಅನಂತರ ಪಾಠ. ಇದನ್ನು ದಾಸೋಹವೆಂದು ಕರೆದರೆ ಅತಿಶಯೋಕ್ತಿಯೆಂದು ಯಾರಾದರೂ ಹೇಳಬಹುದು. ಟಿಕೆಟ್ಟಿನ ಹಣದಿಂದ ನಡೆಯುತ್ತಿದ್ದ ವ್ಯವಹಾರವೆಂಬುದೂ ನಿಜವೇ. ಆದರೂ ಶ್ರೀಯುತ ವೀರಣ್ಣನವರ ಆ ಪಂಕ್ತಿಯಲ್ಲಿ ಉಂಡು ಬೆಳೆದವರ ಹೆಸರುಗಳನ್ನು ನೋಡಿದರೆ ಬೇರೆ ಪದ ತೋಚುವುದಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು, ಅವರ ಮಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಮನೆ ಬಿಟ್ಟು ಬಂದ ಬಾಲಕ ಬಿ.ವಿ. ಕಾರಂತ ಇವರೆಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಆ ಕಂಪೆನಿಯ ನೆರಳಿನಲ್ಲಿದ್ದವರೇ. ಜಾತಿಯನ್ನು ಕೇಳಿ ಪಾತ್ರ ಹಂಚುವ ಪದ್ಧತಿ ಅಲ್ಲಿರಲಿಲ್ಲ.

ಅಯ್ಯರವರು ಚಲನಚಿತ್ರದಲ್ಲಿ ಮೊದಲು ಕಾಣಿಸಿಕೊಂಡದ್ದು 1943ರ 'ರಾಧಾರಮಣ'ದಲ್ಲಿ. ಅನಂತರ ಕೆಲವು ಚಿತ್ರಗಳಲ್ಲಿ ಪೋಷಕ ಪಾತ್ರಗಳು ದೊರೆತವು. ಅವರು ನಾಯಕನಟರಾಗಲಿಲ್ಲ. ಆ ಕಾಲಕ್ಕೆ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಬಹುಪಾಲು ಮದರಾಸಿನಲ್ಲಿ ತಯಾರಾಗುತ್ತಿದ್ದವು. ಅಲ್ಲಿನ ಸ್ಟುಡಿಯೋಗಳಲ್ಲಿ ತಮಿಳು, ತೆಲುಗು ಚಿತ್ರಗಳು ಬಿಟ್ಟ ಬಿಡುವಿನಲ್ಲಿ ಕನ್ನಡದ ಸರದಿ. ಹೀಗಿರುವಾಗ ಪೋಷಕ ನಟನೊಬ್ಬನ ಜೀವನ ಹೇಗೆ ಸಾಗೀತು? ನಟನಿಗೆ ಪಾತ್ರವನ್ನು ಇನ್ನೊಬ್ಬರು ಕೊಡಬೇಕು. ಬರಹಗಾರನಾದರೋ ಪಾತ್ರವನ್ನು ತಾನೇ ಸೃಷ್ಟಿಸಬಲ್ಲ, ತನಗೂ ತನ್ನ ಜೊತೆಯವರಿಗೂ. ಅಯ್ಯರವರ ಬಾಳಿನ ತಿರುವು ಇಲ್ಲಿದೆಯೆಂದು ನಮ್ಮ ಭಾವನೆ.

ಈ ವಿದ್ಯೆಯನ್ನು ಅವರು ಕಲಿತದ್ದೂ ಕಂಪೆನಿಯಲ್ಲಿಯೇ. ಬೆಳ್ಳಾವೆ ನರಹರಿ ಶಾಸ್ತ್ರಿಗಳು, ಬಿ. ಪುಟ್ಟಸ್ವಾಮಯ್ಯನವರು ಮೊದಲಾದವರು ಗುಬ್ಬಿ ಕಂಪೆನಿಗೆ ನಾಟಕಗಳನ್ನು ಬರೆದುಕೊಟ್ಟವರು. ಕಂಪೆನಿಯ ಕವಿ ಏಕಾಂತದಲ್ಲಿ ಕುಳಿತು ಬರೆಯುವವನಲ್ಲ. ಯಾವ ನಟನ ಕಂಠ ಎಷ್ಟು ಏರುತ್ತದೆ, ಯಾರಿಗೆ ಹಾಸ್ಯ ಒಗ್ಗುತ್ತದೆ, ಪರದೆ ಬದಲಾಯಿಸಲು ಎಷ್ಟು ಹೊತ್ತು ಬೇಕು, ಆ ಹೊತ್ತನ್ನು ಯಾವ ಹಾಡಿನಿಂದ ತುಂಬಬೇಕು ಇದೆಲ್ಲವೂ ಅವನಿಗೆ ಗೊತ್ತಿರಬೇಕು. ಅಯ್ಯರವರು ಬರೆದ 'ಬೇಡರ ಕಣ್ಣಪ್ಪ' ಇಂಥ ನಾಟಕ. ಹರಿಹರ ಮಹಾಕವಿ ರಗಳೆಯಾಗಿ ಹಾಡಿದ ಕಥೆಯದು. ಶಾಸ್ತ್ರವರಿಯದ ಬೇಡನು ಬೇಟೆಯ ಮಾಂಸವನ್ನೇ ಲಿಂಗಕ್ಕೆ ಅರ್ಪಿಸುತ್ತಾನೆ. ಲಿಂಗದ ಕಣ್ಣಿನಲ್ಲಿ ರಕ್ತ ಸುರಿದಾಗ ತನ್ನ ಕಣ್ಣನ್ನು ಕಿತ್ತಿಡುತ್ತಾನೆ. ಎರಡನೆಯದನ್ನು ಕೀಳುವಾಗ ಗುರುತಿಗೆಂದು ಪಾದವನ್ನು ಲಿಂಗದ ಮೇಲಿರಿಸುತ್ತಾನೆ. ಮಡಿಯ ಅರ್ಚಕನಿಗೆ ದಕ್ಕದ ಶಿವ ಆ ಪಾದಕ್ಕೆ ಒಲಿಯುತ್ತಾನೆ. ಅರ್ಚಕರ ಕುಲಕ್ಕೆ ಸಮೀಪದವರಾದ ಲೇಖಕರೊಬ್ಬರು ಈ ಕಥೆಯನ್ನು ಹಿಂಜರಿಕೆಯಿಲ್ಲದೆ, ಬೇಡನ ಪಕ್ಷದಲ್ಲಿ ನಿಂತೇ ಬರೆದರು.

ಈ ನಾಟಕವು 1954ರಲ್ಲಿ ಚಲನಚಿತ್ರವಾಯಿತು. ಗುಬ್ಬಿ ವೀರಣ್ಣನವರ ಸಂಸ್ಥೆಯೂ ಮದರಾಸಿನ ಎ.ವಿ. ಮೆಯ್ಯಪ್ಪನವರೂ ಕೂಡಿ ನಿರ್ಮಿಸಿದ ಆ ಚಿತ್ರಕ್ಕೆ ಎಚ್.ಎಲ್.ಎನ್. ಸಿಂಹರವರು ನಿರ್ದೇಶಕರು. ಮುತ್ತುರಾಜ ಎಂಬ ಕಂಪೆನಿ ನಟನಿಗೆ ರಾಜಕುಮಾರ್ ಎಂಬ ನಾಮಧೇಯ ಬಂದದ್ದು ಈ ಚಿತ್ರದಿಂದಲೇ. ನರಸಿಂಹರಾಜು ಅವರ ಚಿತ್ರಜೀವನಕ್ಕೂ ಇದೇ ನಾಂದಿ. ಅಯ್ಯರವರೂ ಅಭಿನಯಿಸಿದರು. ಚಿತ್ರ ರಾಷ್ಟ್ರಮಟ್ಟದಲ್ಲಿ ಅರ್ಹತಾಪತ್ರವನ್ನು ಗಳಿಸಿತು. ಅದೇ ಕಥೆ ತೆಲುಗಿನಲ್ಲಿಯೂ ಹಿಂದಿಯಲ್ಲಿಯೂ ಚಿತ್ರವಾಯಿತು. ವೀರಣ್ಣನವರು ಇದಕ್ಕೆ ಮೊದಲೇ 'ಹೇಮರೆಡ್ಡಿ ಮಲ್ಲಮ್ಮ'ನನ್ನು ಬೆಳ್ಳಿತೆರೆಗೆ ತಂದಿದ್ದರು. ಶಿವಭಕ್ತರ ಚರಿತೆಗಳು ಚಿತ್ರರಂಗಕ್ಕೆ ಬಂದದ್ದು ಹೀಗೆ ನಾಟಕದ ಡೇರೆಯ ಮೂಲಕವೇ.

ಇಷ್ಟಾದರೂ ಕಷ್ಟ ತೀರಲಿಲ್ಲ. ಐವತ್ತರ ದಶಕದ ಕೊನೆಯ ಹೊತ್ತಿಗೆ ಕನ್ನಡ ನಟರಿಗೆ ಮತ್ತೆ ಕೆಲಸವಿಲ್ಲದಾಯಿತು. ಮದರಾಸಿನಲ್ಲಿ ಕುಳಿತು ಕರೆಗಾಗಿ ಕಾಯುವುದು ಒಂದು ದಾರಿ. ಹಳೆಯ ಕಂಪೆನಿಯ ದಾರಿ ಇನ್ನೊಂದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಈ ನಾಲ್ವರು ಎರಡನೆಯದನ್ನು ಹಿಡಿದರು. ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿ, ಊರೂರು ತಿರುಗಿ ನಾಟಕಗಳನ್ನಾಡಿದರು. ತೆರೆಯ ಮೇಲೆ ಹೆಸರು ಮಾಡಿದವರು ಮತ್ತೆ ಬಣ್ಣ ಬಳಿದುಕೊಂಡು ಹಲಗೆಯ ರಂಗಕ್ಕೆ ಇಳಿಯುವುದೆಂದರೆ ಸಣ್ಣ ಮಾತಲ್ಲ. ಆ ಶ್ರಮದ ಫಲವೇ 1960ರ 'ರಣಧೀರ ಕಂಠೀರವ'. ಎನ್.ಸಿ. ರಾಜನ್ ನಿರ್ದೇಶಿಸಿದ ಈ ಚಿತ್ರದ ಸಂಭಾಷಣೆ, ಗೀತೆಗಳು ಅಯ್ಯರವರವು. 1638ರಿಂದ 1659ರವರೆಗೆ ಮೈಸೂರನ್ನಾಳಿ, ತಿರುಚಿನಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಜಟ್ಟಿಯನ್ನು ಮಣಿಸಿದನೆಂದು ಪ್ರಸಿದ್ಧನಾದ ಅರಸನ ಕಥೆ ಅದು. ರಾಜ್ಯಗಳ ಏಕೀಕರಣವಾಗಿ ನಾಲ್ಕೇ ವರ್ಷವಾಗಿದ್ದ ಆ ಕಾಲದಲ್ಲಿ, ಹೊರರಾಜ್ಯದ ಅಖಾಡದಲ್ಲಿ ಗೆದ್ದುಬಂದ ಕನ್ನಡಿಗನ ಕಥೆಯನ್ನು ಮದರಾಸಿನಲ್ಲಿ ಬಾಡಿಗೆಗಿದ್ದ ಕನ್ನಡ ನಟರು ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು.

ಎರಡು ವರ್ಷಗಳ ಬಳಿಕ, 1962ರಲ್ಲಿ, ಅಯ್ಯರವರು ನಿರ್ದೇಶನಕ್ಕೆ ಕೈಹಾಕಿದರು. ಚಿತ್ರ 'ಭೂದಾನ'. ವಿನೋಬಾಜಿಯವರ ಚಳವಳಿ ನಡೆಯುತ್ತಿದ್ದ ಕಾಲ. ಮೈಸೂರಿನ ಬಳಿಯ ಯಲವಾಲದಲ್ಲಿ 1957ರಲ್ಲಿ ಗ್ರಾಮದಾನ ಸಮ್ಮೇಳನ ನಡೆದಿತ್ತು. ಡಾ. ಶಿವರಾಮ ಕಾರಂತರ 'ಚೋಮನ ದುಡಿ'ಯಿಂದ ಪ್ರೇರಣೆ ಪಡೆದು, ಭೂಮಿಯಿಲ್ಲದ ಬಡವನ ಕಥೆಯನ್ನು ಅಯ್ಯರವರು ಹೇಳಿದರು. ರಾಜಕುಮಾರ್, ಕಲ್ಯಾಣಕುಮಾರ್, ಉದಯಕುಮಾರ್ ಮೂವರೂ ಅದರಲ್ಲಿದ್ದರು. ಮುಂದೆ 1975ರಲ್ಲಿ ಬಿ.ವಿ. ಕಾರಂತರು ಅದೇ ಕಾದಂಬರಿಯನ್ನು ಚಿತ್ರವಾಗಿಸಿ ಸ್ವರ್ಣಕಮಲ ಪಡೆದರು. ಆ ಹೊಲದಲ್ಲಿ ಮೊದಲ ನೇಗಿಲು ಹೂಡಿದವರು ಅಯ್ಯರವರೆಂಬುದನ್ನು ಮರೆಯಲಾಗದು.

ಅನಂತರದ ಏಳೆಂಟು ವರ್ಷಗಳನ್ನು ಕುರಿತು ಹೆಚ್ಚು ಬರೆಯುವ ಅಗತ್ಯ ನಮಗೆ ಕಾಣುವುದಿಲ್ಲ. 'ತಾಯಿ ಕರುಳು', 'ಲಾಯರ್ ಮಗಳು', 'ಬಂಗಾರಿ', 'ಪೋಸ್ಟ್ ಮಾಸ್ಟರ್', 'ಕಿಲಾಡಿ ರಂಗ', 'ರಾಜಶೇಖರ', 'ಮೈಸೂರು ಟಾಂಗಾ', 'ಚೌಕದ ದೀಪ' ಹೀಗೆ ಚಿತ್ರಗಳು ಸಾಲಾಗಿ ಬಂದವು. ಹಾಡು, ಮಾತು, ಹಾಸ್ಯ, ಕಣ್ಣೀರು ಎಲ್ಲವೂ ಹದವಾಗಿ ಬೆರೆತ ಆ ಚಿತ್ರಗಳು ಅನ್ನಕ್ಕೆ ದಾರಿಯಾದವು. ಕಲೆಯ ದೃಷ್ಟಿಯಿಂದ ಅವುಗಳಲ್ಲಿ ಬಹುಪಾಲು ಕಾಲನ ಪಾಲಾದುದರಲ್ಲಿ ಅನ್ಯಾಯವೇನೂ ಇಲ್ಲ. ಗೀತರಚನಕಾರರಾಗಿ ಮಾತ್ರ ಅವರು ಈ ಅವಧಿಯಲ್ಲಿ ಬಾಳುವ ಕೆಲಸ ಮಾಡಿದರು. ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ 1966ರ 'ಸಂಧ್ಯಾರಾಗ'ದ ಹಾಡುಗಳು ಇಂದಿಗೂ ಆಕಾಶವಾಣಿಯಲ್ಲಿ ಕೇಳಿಬರುತ್ತವೆ.

ಐವತ್ತು ದಾಟಿದ, ಮಾರುಕಟ್ಟೆಯ ಹದವನ್ನು ಬಲ್ಲ ಒಬ್ಬ ನಿರ್ದೇಶಕ ಆ ಹದವನ್ನೇ ತೊರೆಯುವುದು ಅಪರೂಪ. ಅಯ್ಯರವರು ತೊರೆದರು. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ಚಿತ್ರವಾಗಿಸಲು ನಿರ್ಮಾಪಕರಾಗಿ ನಿಂತು, ನಿರ್ದೇಶನದ ಹೊಣೆಯನ್ನು ತಮಗಿಂತ ಚಿಕ್ಕವರಾದ ಗಿರೀಶ ಕಾರ್ನಾಡ್ ಮತ್ತು ಬಿ.ವಿ. ಕಾರಂತರಿಗೆ ವಹಿಸಿದರು. ಹೊಸಬರಿಬ್ಬರಿಗೂ 1971ರ ಸಾಲಿನ ರಾಷ್ಟ್ರಪ್ರಶಸ್ತಿ ದೊರೆಯಿತು. ಒಂದು ಡಜನಿನಷ್ಟು ಚಿತ್ರಗಳನ್ನು ನಿರ್ದೇಶಿಸಿದ್ದ ಹಿರಿಯರು ಕಿರಿಯರಿಗೆ ದಾರಿ ಬಿಟ್ಟು ತಾವು ನಿಂತು ನೋಡಿದರು. ನೋಡಿ ಕಲಿತರು ಕೂಡ. ಕಲಿತದ್ದರ ಸಾಕ್ಷಿ 1975ರ 'ಹಂಸಗೀತೆ'. ತ.ರಾ.ಸು. ಅವರ ಕಾದಂಬರಿ; ಚಿತ್ರದುರ್ಗದ ಭೂಮಿಕೆ; ಅರಸನಿಗಾಗಿ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ. ಇದೇ ಕಾದಂಬರಿ 1956ರಲ್ಲಿ 'ಬಸಂತ್ ಬಹಾರ್' ಎಂಬ ಹಿಂದಿ ಚಿತ್ರವಾಗಿ ಬಂದಿತ್ತು, ಆದರೆ ಅದರಲ್ಲಿ ಮುಂಬಯಿಯ ಸೊಗಸೇ ಹೆಚ್ಚು. ಅಯ್ಯರವರು ದುರ್ಗದ ಕಲ್ಲು, ಬಿಸಿಲು, ಮೌನಗಳನ್ನು ಹಾಗೆಯೇ ಉಳಿಸಿದರು. ಅನಂತನಾಗ್ ಗಾಯಕನಾಗಿ ಅಭಿನಯಿಸಿದರು. ಹಿನ್ನೆಲೆಯಲ್ಲಿ ಹಾಡಿದ ಡಾ. ಬಾಲಮುರಳೀಕೃಷ್ಣ ಅವರಿಗೂ ಚಿತ್ರಕ್ಕೂ ರಾಷ್ಟ್ರಪ್ರಶಸ್ತಿಗಳು ಬಂದವು. ಕಂಪೆನಿ ನಾಟಕದಲ್ಲಿ ಪುಟಗಟ್ಟಲೆ ಮಾತು ಬರೆದ ಕೈ, ಮಾತನ್ನು ಬಿಡುವುದನ್ನು ಇಲ್ಲಿ ಕಲಿತಿತ್ತು.

ಬಳಿಕ ಬಂದದ್ದು 'ಆದಿ ಶಂಕರಾಚಾರ್ಯ', 1983ರಲ್ಲಿ. ಭಾರತದಲ್ಲಿ ಸಂಸ್ಕೃತದಲ್ಲಿ ತಯಾರಾದ ಪ್ರಥಮ ಚಲನಚಿತ್ರವಿದು. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಹಣ ಒದಗಿಸಿತು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಇದಕ್ಕೆ ದೊರೆಯಿತು. ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿಯೂ ಅಯ್ಯರವರಿಗೆ ಬಂತು. ಈ ಎರಡನೆಯ ಗೌರವವೇ ಅವರ ಬಾಳಿಗೆ ಹೆಚ್ಚು ಒಪ್ಪುವಂಥದೆಂದು ನಮಗೆ ತೋರುತ್ತದೆ. ಆ ಚಿತ್ರದಲ್ಲಿ ಮೃತ್ಯು ಮತ್ತು ಪ್ರಜ್ಞೆ ಎಂಬಿಬ್ಬರು ಮನುಷ್ಯರೂಪದಲ್ಲಿ ಬಾಲ ಶಂಕರನ ಒಡನಾಡಿಗಳಾಗಿ ಬಂದು ಕಡೆಯವರೆಗೂ ಜೊತೆಯಲ್ಲಿ ನಡೆಯುತ್ತಾರೆ. ಪವಾಡಗಳ ಆಡಂಬರವಿಲ್ಲ. ತತ್ತ್ವವನ್ನು ಪಾತ್ರವನ್ನಾಗಿಸಿ ಕಣ್ಣೆದುರು ನಿಲ್ಲಿಸುವ ಈ ಉಪಾಯವನ್ನು ಪಂಡಿತರು ಹೊಸತನವೆಂದು ಮೆಚ್ಚಿದರು. ಹಳೆಯ ನಾಟಕಗಳನ್ನು ನೋಡಿದವರಿಗೆ ಅದರ ಬೇರು ಎಲ್ಲಿಯದೆಂದು ಹೇಳಬೇಕಾಗಿಲ್ಲ. 1986ರಲ್ಲಿ ಕನ್ನಡದಲ್ಲಿ 'ಮಧ್ವಾಚಾರ್ಯ', 1989ರಲ್ಲಿ ತಮಿಳಿನಲ್ಲಿ 'ರಾಮಾನುಜಾಚಾರ್ಯ', 1993ರಲ್ಲಿ ಸಂಸ್ಕೃತದಲ್ಲಿ 'ಭಗವದ್ಗೀತೆ' ಬಂದವು. 'ಭಗವದ್ಗೀತೆ'ಗೂ ಸ್ವರ್ಣಕಮಲ ದೊರೆಯಿತು.

ಇಲ್ಲಿ ನಮ್ಮ ಭಕ್ತವೃಂದದಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತುವುದುಂಟು. ಮೂವರು ಆಚಾರ್ಯರನ್ನೂ ತೆರೆಗೆ ತಂದವರು ಬಸವಾದಿ ಪ್ರಮಥರನ್ನೇಕೆ ಬಿಟ್ಟರು? ಗುಬ್ಬಿಯ ಅನ್ನ ಉಂಡವರಲ್ಲವೇ? ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಬಸವಣ್ಣನವರ ಜೀವನ 1959ರಲ್ಲಿಯೇ 'ಜಗಜ್ಯೋತಿ ಬಸವೇಶ್ವರ' ಎಂಬ ಚಿತ್ರವಾಗಿ, ಹೊನ್ನಪ್ಪ ಭಾಗವತರ ಅಭಿನಯದಲ್ಲಿ ಬಂದಿತ್ತು, ನಿಜ. ಆದರೆ 'ಹಂಸಗೀತೆ'ಯ ಸಂಯಮವನ್ನು ಸಾಧಿಸಿದ ಕೈಯಿಂದ ಅನುಭವಮಂಟಪದ ಒಂದು ಚಿತ್ರ ಬಂದಿದ್ದರೆ ಅದರ ತೂಕವೇ ಬೇರೆ ಇರುತ್ತಿತ್ತು. ಅಲ್ಲಮಪ್ರಭುವಿನ ಚರಿತೆ 'ಅಲ್ಲಮ'ವಾಗಿ ಬರಲು ನಾವು 2017ರವರೆಗೆ, ಟಿ.ಎಸ್. ನಾಗಾಭರಣರವರೆಗೆ ಕಾಯಬೇಕಾಯಿತು. ಇದು ಕೊರತೆಯೇ. ಆದರೆ ಅಯ್ಯರವರಿಗೆ ಶಿವಭಕ್ತರ ಋಣವಿರಲಿಲ್ಲವೆಂದು ಹೇಳಲಾಗದು. ಅವರ ಹೆಸರು ನಿಂತದ್ದೇ ಕಣ್ಣಪ್ಪನಿಂದ. ಶಂಕರನನ್ನು ಚಿತ್ರಿಸುವ ಮುನ್ನ ಮೂವತ್ತು ವರ್ಷ ಹಿಂದೆಯೇ ಅವರು ಬೇಡನೊಬ್ಬನ ಪಾದವನ್ನು ಲಿಂಗದ ಮೇಲೆ ಇರಿಸಿ ತೋರಿಸಿದ್ದರು, ಅದೂ ಮಡಿಮೈಲಿಗೆಗಳು ಇಂದಿಗಿಂತ ಬಲವಾಗಿದ್ದ ಕಾಲದಲ್ಲಿ, ನಾಡಿನ ಹಳ್ಳಿಹಳ್ಳಿಯ ಟೆಂಟುಗಳಲ್ಲಿ.

ವೀರಣ್ಣನವರು 1972ರಲ್ಲಿ ಲಿಂಗೈಕ್ಯರಾದರು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ತಮ್ಮ ಕಂಪೆನಿಯ ಹುಡುಗ ದಿಲ್ಲಿಯಲ್ಲಿ ಸ್ವರ್ಣಕಮಲ ಸ್ವೀಕರಿಸುವುದನ್ನು ನೋಡಲು ಅವರು ಇರಲಿಲ್ಲ. ಅಯ್ಯರವರು ಖ್ಯಾತಿ ಬಂದ ಮೇಲೂ ಬರಿಗಾಲಿನಲ್ಲಿಯೇ ನಡೆದಾಡಿದರು. ಬರಿಗಾಲ ನಿರ್ದೇಶಕರೆಂದೇ ಪತ್ರಿಕೆಗಳು ಅವರನ್ನು ಕರೆದವು. ಎಂಬತ್ತರ ಹರೆಯದಲ್ಲಿ 'ಸ್ವಾಮಿ ವಿವೇಕಾನಂದ' ಚಿತ್ರ ತೆರೆಕಂಡಿತು. ಅದಾದ ಮೇಲೂ ರಾಮಾಯಣವನ್ನು ಚಿತ್ರವಾಗಿಸುವ ಯೋಚನೆಯಲ್ಲಿ ತೊಡಗಿದ್ದರು. 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ಅವರು ನಿಧನ ಹೊಂದಿದಾಗ ಆ ಕೆಲಸ ಹಾಗೆಯೇ ಉಳಿಯಿತು.