ನಾಸಿಕ್‌ನ ಆ ರಾತ್ರಿ, ‘ಶಾರದೆ’ಯಾಗಿದ್ದ ಹುಡುಗ

ಪುಣೆ, ಮುಂಬೈಯಲ್ಲಿ ಕೆಲಸ ಮಾಡೋ ನಮ್ಮವರು ರಜೆ ಸಿಕ್ಕರೆ ತ್ರ್ಯಂಬಕೇಶ್ವರ, ಪಂಚವಟಿ ಅಂತ ನಾಸಿಕ್‌ಗೆ ಹೋಗ್ತೀರಲ್ಲ, ಇವತ್ತು ಅದೇ ಊರಿನ ಒಂದು ನಾಟಕದ ರಾತ್ರಿಯ ಕಥೆ.

1909ರ ಡಿಸೆಂಬರ್ 21. ವಿಜಯಾನಂದ ಥಿಯೇಟರ್‌ನಲ್ಲಿ ಕಿರ್ಲೋಸ್ಕರ್ ನಾಟಕ ಮಂಡಳಿಯ ‘ಶಾರದಾ’. ಕಲೆಕ್ಟರ್ ಜಾಕ್ಸನ್‌ಗೆ ಮುಂಬೈಗೆ ವರ್ಗವಾಗಿತ್ತು, ಅದರ ಬೀಳ್ಕೊಡುಗೆ. ಬಾಬಾರಾವ್ ಸಾವರ್ಕರ್ ಅವರ ಮೇಲಿನ ಮೊಕದ್ದಮೆಯಲ್ಲಿ ಜಾಕ್ಸನ್ ಪಾತ್ರ ಇತ್ತು ಅನ್ನೋ ಸಿಟ್ಟು ಕ್ರಾಂತಿಕಾರಿಗಳಿಗಿತ್ತು. ನಾಟಕ ನೋಡೋಕೆ ಬಂದ ಅವರನ್ನು ಅನಂತ ಕಾನ್ಹೇರೆ ಗುಂಡಿಟ್ಟು ಕೊಂದ. ವಯಸ್ಸು 18ರ ಆಸುಪಾಸು. ಔರಂಗಾಬಾದ್‌ನಲ್ಲಿ, ಅಂದ್ರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಓದ್ತಿದ್ದ ಹುಡುಗ. ಆಗ ಅದು ನಮ್ಮ ಕಲಬುರಗಿ, ಬೀದರ್ ಥರಾನೇ ನಿಜಾಮರ ಸೀಮೆ. 1910ರ ಏಪ್ರಿಲ್‌ನಲ್ಲಿ ಠಾಣೆಯ ಜೈಲಿನಲ್ಲಿ ಅವನಿಗೆ ಗಲ್ಲಾಯ್ತು.

ಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತೆ. ನಾವು ಸ್ವಲ್ಪ ರಂಗದ ಕಡೆ ತಿರುಗೋಣ. ಆ ಕಂಪನಿಯ ಶಾರದೆ ಯಾರು ಗೊತ್ತಾ? 21 ವರ್ಷದ ನಾರಾಯಣ ಶ್ರೀಪಾದ ರಾಜಹಂಸ. ಚಿಕ್ಕ ವಯಸ್ಸಿನಲ್ಲಿ ಇವನ ಹಾಡು ಕೇಳಿ ಲೋಕಮಾನ್ಯ ತಿಲಕರು ಇಟ್ಟ ಹೆಸರೇ ಬಾಲಗಂಧರ್ವ.

1905ರಲ್ಲಿ ಕಂಪನಿ ಸೇರಿದ, ಮೀರಜ್‌ನಲ್ಲಿ ಶಕುಂತಲೆಯಾಗಿ ಬಣ್ಣ ಹಚ್ಚಿದ. ಆಗ ಈಗಿನಂಥ ಆಕ್ಟಿಂಗ್ ಸ್ಕೂಲ್ ಎಲ್ಲಿತ್ತು? ಕಂಪನಿಯೇ ಶಾಲೆ, ಕಂಪನಿಯೇ ಮನೆ. ನಡಿಗೆ, ನೋಟ, ಮಾತಿನ ಏರಿಳಿತ ಎಲ್ಲವನ್ನೂ ತಿದ್ದಿದವರು ‘ಶಾರದಾ’ ಬರೆದ ಗೋವಿಂದ ಬಲ್ಲಾಳ ದೇವಲ. ಹಣದಾಸೆಗೆ ಅಪ್ಪ ಮುದುಕನಿಗೆ ಕೊಟ್ಟು ಮದುವೆ ಮಾಡಲು ಹೊರಡುವ ಹುಡುಗಿಯ ಕಥೆ ಅದು. ಬಾಯಿ ಬಿಡಲಾಗದ ಆ ಹುಡುಗಿಯ ಸಂಕಟವನ್ನು ಒಬ್ಬ ಹುಡುಗ ಕಲಿತು ಆಡಬೇಕಿತ್ತು.

ಈಗ ನಮ್ಮ ನಂಟು ನೋಡಿ. ದೇವಲರು ಬೆಳಗಾವಿಯಲ್ಲಿ ಓದಿದವರು, ಅಲ್ಲಿ ಅವರ ಮೇಷ್ಟ್ರು ಕಂಪನಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್. ಅಣ್ಣಾಸಾಹೇಬರ ಊರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಇನ್ನೂ ಹಿಂದೆ ಹೋದ್ರೆ, ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಆಡಿಸಿದ ಮರಾಠಿ ನಾಟಕಕ್ಕೆ ಪ್ರೇರಣೆ ನಮ್ಮ ಉತ್ತರ ಕನ್ನಡದ ಕರ್ಕಿ ಮೇಳದ ಆಟ. ಮುಂದೆ ಬಾಲಗಂಧರ್ವರಿಗೆ ಸಂಗೀತ ಗುರುಗಳಾದ ಭಾಸ್ಕರಬುವಾ ಬಖಲೆ ಕೂಡ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರೇ.

ಆ ಶಾಲೆಯ ಪಾಠ ಒಂದೇ, ಏನೇ ಆಗಲಿ ಆಟ ನಿಲ್ಲಬಾರದು. 1911ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ‘ಮಾನಾಪಮಾನ’ದ ಮೊದಲ ಪ್ರಯೋಗ. ಅವತ್ತೇ ಬಾಲಗಂಧರ್ವರ ಎಳೆಯ ಮಗಳು ತೀರಿಕೊಂಡಳು. ಆದರೂ ಅವರು ಬಣ್ಣ ಹಚ್ಚಿ ನಾಯಕಿಯಾಗಿ ಹಾಡಿದರು. ಎರಡು ವರ್ಷಕ್ಕೆ ಸ್ವಂತ ಕಂಪನಿ, ಗಂಧರ್ವ ನಾಟಕ ಮಂಡಳಿ.

ಜನ ಇದನ್ನು ನಿಷ್ಠೆ ಅಂತ ಹೊಗಳ್ತಾರೆ. ನನಗೆ ಮಾತ್ರ, ಬಣ್ಣ ಹಚ್ಚಿಕೊಳ್ಳುವಾಗ ಆ ಅಪ್ಪನ ಕೈ ನಡುಗಿರಲಿಲ್ವಾ ಅಂತ ಅನ್ನಿಸುತ್ತೆ. ಆ ತಾಲೀಮು ಕೊಟ್ಟದ್ದೂ ಉಂಟು, ಕಿತ್ತುಕೊಂಡದ್ದೂ ಉಂಟು. ಮುಂದಿನ ಸಲ ನಾಸಿಕ್‌ಗೆ ಹೋದಾಗ, ಪ್ರಾಣ ಕೊಟ್ಟ ಆ ಹುಡುಗನ ಜೊತೆ, ಅದೇ ರಾತ್ರಿ ಪಾತ್ರ ಕಟ್ಟಿ ನಿಂತಿದ್ದ ಈ ಹುಡುಗನನ್ನೂ ನೆನಪಿಸಿಕೊಳ್ಳಿ.